ನಮ್ಮನೆ ಫರ್ಸಿಯಲ್ಲಿ ಸಮುದ್ರದ ಲಿಲಿ ಯಾಕಿಲ್ಲ?

ಕಂಪನಿ ಕೆಲಸದ ಮೇಲೆ ಆರು ತಿಂಗಳು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದೆ. ಒಂದು ಶನಿವಾರ ಪಕ್ಕದ ಡರ್ಬಿಶೈರ್‌ನ ಲ್ಯಾತ್‌ಕಿಲ್ ಡೇಲ್ ಅನ್ನೋ ಕಣಿವೆಗೆ ನಡೆಯೋಕೆ ಹೋದೆ. ಸುಸ್ತಾಗಿ ಒಂದು ಕಲ್ಲಿನ ಮೇಲೆ ಕೂತಾಗ ಕಣ್ಣಿಗೆ ಬಿದ್ದಿದ್ದು ಶರ್ಟ್ ಗುಂಡಿಯಂಥ ಸಣ್ಣ ಸಣ್ಣ ಚಕ್ರಗಳು. ನಡುವೆ ತೂತು. ಒಂದಲ್ಲ ಎರಡಲ್ಲ, ಕಲ್ಲು ಪೂರ್ತಿ ಅವೇ.

ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಕಲಬುರಗಿಯಲ್ಲಿ ಮೂವತ್ತು ವರ್ಷ ಶಹಾಬಾದ್ ಫರ್ಸಿ ಹಾಸಿದವರು. ತಕ್ಷಣ ಫೋನ್ ಬಂತು. “ಕಲ್ಲಿನಾಗ ಗುಂಡಿ ಹ್ಯಾಂಗ ಬಂದ್ವು? ನಮ್ಮ ಫರ್ಸಿನಾಗ ಇಂಥಾದ್ದು ಒಮ್ಮೆನೂ ಕಂಡಿಲ್ಲಲ್ಲೋ ತಮ್ಮಾ.”

“ಎರಡೂ ಸುಣ್ಣಕಲ್ಲೇ ಅಲ್ಲೇನ್ರಿ. ಇದ್ದಿರ್ತಾವ, ನೀವು ಸರಿಯಾಗಿ ನೋಡಿರಲಿಕ್ಕಿಲ್ಲ ಬಿಡ್ರಿ” ಅಂದೆ. ಅಪ್ಪ ಸುಮ್ಮನಾದರು. ಫೋನಿಟ್ಟ ಮೇಲೆ ನನಗೇ ಚುಚ್ಚಿತು. ಜೀವನಪೂರ್ತಿ ಕಲ್ಲನ್ನೇ ನೋಡಿದ ಮನುಷ್ಯನಿಗೆ ನಾನು ಹೇಳಿದ ಮಾತು ಅದು. ಆ ರಾತ್ರಿ ಓದೋಕೆ ಕೂತೆ.

ಆ ಗುಂಡಿಗಳು ಕ್ರಿನಾಯಿಡ್ ಎಂಬ ಜೀವಿಯ ಪಳೆಯುಳಿಕೆ. ಹೆಸರು ಸಮುದ್ರ ಲಿಲಿ, ನೋಡೋಕೂ ಹೂವಿನ ಗಿಡದ ಥರವೇ. ಆದರೆ ಇದು ಪ್ರಾಣಿ, ನಕ್ಷತ್ರ ಮೀನಿನ ಬಳಗದ್ದು. ಉದ್ದನೆಯ ಕಾಂಡದಿಂದ ಸಮುದ್ರದ ತಳಕ್ಕೆ ಅಂಟಿಕೊಂಡು, ಮೇಲೆ ಗರಿಯಂಥ ತೋಳುಗಳನ್ನು ಹರಡಿ, ನೀರಿನಲ್ಲಿ ತೇಲಿ ಬರುವ ಆಹಾರದ ಕಣಗಳನ್ನು ಹಿಡಿದು ತಿನ್ನುತ್ತೆ. ಕಾಂಡ ಅಂದರೆ ಪೋಣಿಸಿದ ಮಣಿಸರ ಅಂದುಕೊಳ್ಳಿ. ಒಂದೊಂದು ಬಿಲ್ಲೆಯೂ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನದೇ ಖನಿಜ. ಜೀವಿ ಸತ್ತ ಕೆಲವೇ ದಿನಗಳಲ್ಲಿ ಬಿಲ್ಲೆಗಳನ್ನು ಹಿಡಿದಿಟ್ಟ ಅಂಗಾಂಶ ಕೊಳೆತು, ಸರ ಹರಿದ ಹಾಗೆ ಎಲ್ಲಾ ಚೆಲ್ಲಾಪಿಲ್ಲಿ. ಅದಕ್ಕೇ ಇಡೀ ಕ್ರಿನಾಯಿಡ್ ಸಿಗೋದು ಅಪರೂಪ, ಬಿಲ್ಲೆಗಳು ರಾಶಿ ರಾಶಿ.

ಉತ್ತರ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ದಡದಲ್ಲಿ ಸಿಗುವ ಇದೇ ಬಿಲ್ಲೆಗಳಿಗೆ ‘ಸಂತ ಕತ್‌ಬರ್ಟ್‌ನ ಮಣಿಗಳು’ ಅಂತ ಹೆಸರು. ಜನ ಅವನ್ನು ಜಪಮಾಲೆಯ ಮಣಿ ಅಂತ ನಂಬಿದ್ದರು. ನಮ್ಮ ಮನೆಗಳಲ್ಲಿ ಪೂಜಿಸುವ ಗಂಡಕಿ ನದಿಯ ಸಾಲಿಗ್ರಾಮವೂ ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆಯೇ ಅಲ್ವಾ? ಡರ್ಬಿಶೈರ್‌ನಲ್ಲಿ ಇನ್ನೊಂದು ತಮಾಷೆ. ಕೆಲವು ಕಡೆ ಬಿಲ್ಲೆಗಳು ಕರಗಿಹೋಗಿ, ಒಳಗೆ ತುಂಬಿಕೊಂಡಿದ್ದ ಗಟ್ಟಿ ಭಾಗ ಮಾತ್ರ ಮರೆಯಿಟ್ಟ ಮೊಳೆಯ ಹಾಗೆ ಉಳಿದಿದೆ. ಅದಕ್ಕೆ ‘ಡರ್ಬಿಶೈರ್ ಸ್ಕ್ರೂ’ ಅಂತಲೇ ಹೆಸರು!

ನಾನು ಕೂತಿದ್ದ ಕಲ್ಲು ಸುಮಾರು 33 ಕೋಟಿ ವರ್ಷ ಹಳೆಯದು. ಆಗ ಇಂಗ್ಲೆಂಡ್ ಭೂಮಧ್ಯರೇಖೆಯ ಹತ್ತಿರ, ಬೆಚ್ಚಗಿನ, ಆಳವಿಲ್ಲದ ಸಮುದ್ರದ ಕೆಳಗಿತ್ತು. ಕೆಸರು ಹೆಚ್ಚಾದರೆ ತೋಳುಗಳು ಕಟ್ಟಿಕೊಳ್ಳುತ್ತವೆ, ಹಾಗಾಗಿ ತಿಳಿನೀರು ಇದ್ದಲ್ಲೆಲ್ಲ ಇವು ಹುಲ್ಲುಗಾವಲಿನ ಹಾಗೆ ಬೆಳೆದವು. ಅದೇ ಕಾಲಘಟ್ಟದಲ್ಲಿ ಅಮೆರಿಕದ ಐಯೋವಾ, ಮಿಸೌರಿ, ಇಲಿನಾಯ್ ಭಾಗದಲ್ಲೂ ಸಮುದ್ರವಿತ್ತು. ಅಲ್ಲಿನ ಬರ್ಲಿಂಗ್ಟನ್ ಸುಣ್ಣಕಲ್ಲಿನ ಬಹುಪಾಲು ಕ್ರಿನಾಯಿಡ್ ಚೂರುಗಳೇ. ಮಿಸೌರಿ 1989ರಲ್ಲಿ ಕ್ರಿನಾಯಿಡ್ ಅನ್ನೇ ರಾಜ್ಯದ ಪಳೆಯುಳಿಕೆ ಅಂತ ಘೋಷಿಸಿತು. ಎವರೆಸ್ಟ್ ತುತ್ತತುದಿಯ ಸುಣ್ಣಕಲ್ಲಿನಲ್ಲಿರೋದು ಇದಕ್ಕಿಂತಲೂ ಹಳೆಯ ಕ್ರಿನಾಯಿಡ್ ತುಣುಕುಗಳು. ಜಗತ್ತಿನ ಅತಿ ಎತ್ತರದ ಜಾಗ ಒಂದು ಕಾಲದ ಸಮುದ್ರದ ತಳ!

ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲದ ಕೊನೆಯ ಮಹಾ ಅಳಿವಿನಲ್ಲಿ ಕ್ರಿನಾಯಿಡ್‌ಗಳು ಹೆಚ್ಚೂ ಕಡಿಮೆ ನಾಮಾವಶೇಷವಾದವು. ಉಳಿದ ಬೆರಳೆಣಿಕೆಯ ಕುಲಗಳಿಂದ ಮತ್ತೆ ಚಿಗುರಿ, ಇವತ್ತಿಗೂ 600ಕ್ಕೂ ಹೆಚ್ಚು ಜಾತಿಗಳಿವೆ. ಕಾಂಡ ಇರುವವು ಆಳ ಸಮುದ್ರ ಸೇರಿಕೊಂಡಿವೆ. ಕಾಂಡ ಇಲ್ಲದ ‘ಫೆದರ್ ಸ್ಟಾರ್’ಗಳು ಹವಳದ ದಿಬ್ಬಗಳಲ್ಲಿ ಸ್ಕೂಬಾ ಡೈವ್ ಮಾಡುವವರಿಗೆ ಕಾಣಸಿಗುತ್ತವೆ.

ಸರಿ, ಅಪ್ಪನ ಪ್ರಶ್ನೆ? ಶಹಾಬಾದ್ ಕಲ್ಲು ಸಿಗೋದು ಭೀಮಾ ನದಿ ಸೀಮೆಯ ಕಲ್ಲಿನ ಪದರಗಳಲ್ಲಿ. ಅವು ಕ್ಯಾಂಬ್ರಿಯನ್‌ಗೂ ಮುಂಚಿನವು, ಅಂದರೆ 54 ಕೋಟಿ ವರ್ಷಕ್ಕಿಂತ ಹಿಂದಿನವು. ಕ್ರಿನಾಯಿಡ್‌ಗಳು ಕಾಣಿಸಿಕೊಂಡಿದ್ದು ಸುಮಾರು 48 ಕೋಟಿ ವರ್ಷಗಳ ಹಿಂದೆ. ಆ ಸಮುದ್ರದಲ್ಲಿ ಜೀವ ಇತ್ತು, ಆದರೆ ಸೂಕ್ಷ್ಮಜೀವಿಗಳದ್ದೇ ಕಾರುಬಾರು. ಚಿಪ್ಪು, ಬಿಲ್ಲೆ ಇನ್ನೂ ಬಂದಿರಲಿಲ್ಲ. ನೀರಿನಲ್ಲಿ ಕರಗಿದ್ದ ಸುಣ್ಣವೇ ತಳಕ್ಕೆ ಇಳಿದು ನಯವಾದ ಕಲ್ಲಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಫೈಲ್ ಖಾಲಿ ಇದ್ದಿದ್ದು ಏನೂ ನಡೆದಿರಲಿಲ್ಲ ಅಂತಲ್ಲ, ಲಾಗಿಂಗ್ ಇನ್ನೂ ಶುರುವೇ ಆಗಿರಲಿಲ್ಲ.

ಮರುದಿನ ಅಪ್ಪನಿಗೆ ಫೋನ್ ಮಾಡಿದೆ. “ನೀವು ಹೇಳಿದ್ದೇ ಖರೆ. ತಪ್ಪು ನಂದು. ನಮ್ಮ ಫರ್ಸಿನಾಗ ಅವು ಇರಾಕ ಸಾಧ್ಯನೇ ಇಲ್ಲ. ನಮ್ಮ ಕಲ್ಲು ಅವಕ್ಕಿಂತ ಹಳೇದು.”

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಅಂದರು, “ಹಂಗಾದ್ರ ಇಷ್ಟು ವರ್ಷ ನಾ ಹಾಸಿದ್ದು ಅಷ್ಟು ಹಳೇ ಕಲ್ಲೇನು?” ದನಿಯಲ್ಲಿ ಹೆಮ್ಮೆ ಇತ್ತು. ಆಮೇಲೆ, “ಬರೋವಾಗ ಒಂದು ಗುಂಡಿ ಕಲ್ಲು ತಗೊಂಬಾ” ಅಂದರು.

ಅದು ರಕ್ಷಿತ ಪ್ರದೇಶ, ಕಲ್ಲು ತರೋ ಹಾಗಿಲ್ಲ. ಒಳ್ಳೆಯ ಫೋಟೋ ಒಂದನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಈಗ ಅದು ನಮ್ಮನೆ ಪಡಸಾಲೆಯ ಗೋಡೆ ಮೇಲಿದೆ. ಕೆಳಗೆ ಅಪ್ಪನೇ ಹಾಸಿದ ಶಹಾಬಾದ್ ಫರ್ಸಿ. ಮನೆಗೆ ಬಂದವರಿಗೆಲ್ಲ ಅಪ್ಪ ಎರಡನ್ನೂ ತೋರಿಸಿ, ಯಾವುದು ಹಳೇದು ಹೇಳ್ರಿ ನೋಡೋಣ ಅಂತ ಕೇಳ್ತಾರೆ.