ಉಪದೀಕೆಯ ಉದರವಾಸಿಗಳು

ಪುತ್ತೂರು, ಸುಳ್ಯ, ಕಡಬಗಳ ಕಡೆ ತಾಳೆಯೋಲೆಯ ಕಟ್ಟುಗಳನ್ನು ಅರಸಿ ಹೋದವರಿಗೆ ಗೆದ್ದಲನ್ನು ಬೇರೆಯಾಗಿ ಪರಿಚಯಿಸಬೇಕಾದುದಿಲ್ಲ. ಅಟ್ಟದಿಂದಿಳಿಸಿದ ಕಟ್ಟನ್ನು ಬಿಚ್ಚಿದಾಗ ಓಲೆಯಿದ್ದ ಎಡೆಯಲ್ಲಿ ಮಣ್ಣು ತುಂಬಿರುವುದನ್ನು ನಾನೂ ಕಂಡು ಮರುಗಿದ್ದೇನೆ. ತುಳುವರು ಈ ಹುಳುವನ್ನು ಉದಲ್ ಎಂದೂ ಹುತ್ತವನ್ನು ಪುಂಚವೆಂದೂ ಕರೆಯುವರು. ವೈದಿಕ ವಾಙ್ಮಯದಲ್ಲಿ ಇದಕ್ಕೆ ವಮ್ರೀ, ಉಪದೀಕಾ ಎಂಬ ಹೆಸರುಗಳುಂಟು. ವಿಷ್ಣುವಿನ ಬಿಲ್ಲಿನ ಹೆದೆಯನ್ನು ಕಡಿದುದಕ್ಕಾಗಿ ಇವು ದೇವತೆಗಳಿಂದ ಅನ್ನಭೋಗವನ್ನೂ ಮರುಭೂಮಿಯಲ್ಲಿಯೂ ನೀರು ಕಾಣುವ ವರವನ್ನೂ ಪಡೆದುವೆಂದು ಶತಪಥಬ್ರಾಹ್ಮಣದಲ್ಲಿದೆ. ಆ ಅನ್ನವು ಜೀರ್ಣವಾಗುವ ಬಗೆಯೇ ಪ್ರಕೃತ ವಿಷಯ.

ಮರ, ಓಲೆ, ಕಾಗದಗಳ ಮುಖ್ಯಾಂಶವು ಸೆಲ್ಯುಲೋಸ್. ಇದನ್ನು ಪೂರ್ಣವಾಗಿ ಒಡೆಯಲು ಹುಳುವಿನ ಸ್ವಂತ ಪಾಚಕರಸವು ಸಾಲದು. ಭಾರತದಲ್ಲಿಯೂ ಇರುವ ಕಾಪ್ಟೋಟರ್ಮಿಸ್ ಮೊದಲಾದ ಕುಲಗಳ ಗೆದ್ದಲಿನ ಹಿಂಗರುಳಿನಲ್ಲಿ ಚಾವಟಿಯಂತಹ ಎಳೆಗಳುಳ್ಳ ಏಕಕೋಶಜೀವಿಗಳು ಕಿಕ್ಕಿರಿದಿರುತ್ತವೆ. ಅಮೆರಿಕದ ಜೋಸೆಫ್ ಲೈಡಿಯು 1877ರಲ್ಲಿ ಇಂತಹ ಒಂದಕ್ಕೆ ಟ್ರೈಕೋನಿಂಫ ಎಂದು ಹೆಸರಿಟ್ಟನು. ಆದರೆ ಇವನ್ನು ಪರಾನ್ನಭೋಜಿಗಳೆಂದೇ ಎಣಿಸಿದನು. 1920ರ ದಶಕದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ವಿದ್ವಾಂಸನು ಹುಳುಗಳನ್ನು ಕೊಲ್ಲದೆ ಈ ಒಳನಿವಾಸಿಗಳನ್ನು ಮಾತ್ರ ಕೊಂದು ನೋಡಿದನು. ಹುಳುಗಳು ಮರವನ್ನು ತಿನ್ನುತ್ತಲೇ ಇದ್ದು ಕೆಲವು ವಾರಗಳೊಳಗೆ ಹಸಿವಿನಿಂದ ಸತ್ತುವು. ಜೀವಿಗಳನ್ನು ಮರಳಿ ಪಡೆದವು ಬದುಕಿದುವು. ಆದುದರಿಂದ ಪರಾನ್ನಭೋಜಿಯೆಂಬ ಹೆಸರು ಇಲ್ಲಿ ಸಲ್ಲದು, ಸಹಜೀವಿಯೆನ್ನುವುದೇ ಯುಕ್ತ. ಅನ್ನವನ್ನು ಬೇಯಿಸಿಕೊಡುವವನನ್ನು ಅನ್ನಕಳ್ಳನೆನ್ನಬಹುದೇ? ಪೊರೆ ಕಳಚುವಾಗಲೆಲ್ಲ ಹುಳುವು ಈ ಪರಿವಾರವನ್ನು ಕಳೆದುಕೊಳ್ಳುತ್ತದೆ. ಆಗ ಗೂಡಿನ ಇತರ ಹುಳುಗಳ ಗುದದ್ವಾರದಿಂದ ಒಸರುವ ದ್ರವವನ್ನು ಕುಡಿದು ಅದನ್ನು ಪುನಃ ಪಡೆಯಬೇಕು. ಗೆದ್ದಲು ಒಂಟಿಯಾಗಿ ಬಾಳಲಾರದುದಕ್ಕೆ ಇದೂ ಒಂದು ಕಾರಣ. ಇದನ್ನು ಬಿಳಿಯಿರುವೆಯೆನ್ನುವುದು ರೂಢಿಯಾದರೂ ವಂಶದಿಂದ ಇದು ಜಿರಳೆಯ ದಾಯಾದಿ.

ನಮ್ಮ ಗುಡ್ಡಗಳಲ್ಲಿ ಹುತ್ತವೆಬ್ಬಿಸುವ ಒಡಾಂಟೋಟರ್ಮಿಸ್ ಕುಲದ ರೀತಿಯೇ ಬೇರೆ. ಅದರ ಕರುಳಿನಲ್ಲಿ ಮೇಲೆ ಹೇಳಿದ ಏಕಕೋಶಜೀವಿಗಳಿಲ್ಲ, ಬಹುವಿಧ ಬ್ಯಾಕ್ಟೀರಿಯಗಳಿವೆ. ಪಚನದ ಬಹುಭಾಗವನ್ನು ಅದು ಹೊಟ್ಟೆಯ ಹೊರಗೇ ಮಾಡಿಸಿಕೊಳ್ಳುತ್ತದೆ. ಎಳೆಯ ಕೆಲಸಗಾರ ಹುಳುಗಳು ತರಗೆಲೆ ಕಡ್ಡಿಗಳ ಚೂರನ್ನೂ ಶಿಲೀಂಧ್ರದ ಬಿಳಿಯ ಗುಂಡುಗಳನ್ನೂ ಒಟ್ಟಿಗೆ ತಿಂದು, ಬೇಗನೆ ವಿಸರ್ಜಿಸಿ, ಆ ಮಲದಿಂದ ಜೇನುಹಟ್ಟಿಯಂತೆ ತೋರುವ ತೋಟವನ್ನು ಕಟ್ಟುವುವು. ಅದರಲ್ಲಿ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವು ಬೆಳೆದು ಕಠಿಣಾಂಶವನ್ನು ಮೃದುಮಾಡಿದ ಮೇಲೆ ಹಳೆಯ ತೋಟವೇ ಆಹಾರವಾಗುತ್ತದೆ.

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮೃತ್ತಿಕೆಯನ್ನು ಪ್ರಸಾದವೆಂದು ಸ್ವೀಕರಿಸುವ ನಾವು, ಮಳೆಗಾಲದಲ್ಲಿ ಹುತ್ತದ ಮೇಲೇಳುವ ಅಲಂಬನ್ನು, ಎಂದರೆ ಅಣಬೆಯನ್ನು, ಹುಡುಕಿಕೊಂಡು ಹೋಗುವುದೂ ಉಂಟು. ಅದು ಈ ಭೂಗತ ತೋಟದ ಶಿಲೀಂಧ್ರವು ಬಿಟ್ಟ ಫಲವೇ.