ಮಂದ್ರ ನಾದಕ್ಕೊಂದು ಲೆಕ್ಕಾಚಾರ

ಮೃದಂಗದ ಎಡಗಡೆಯ ಗಂಭೀರ ನಾದವಿಲ್ಲದೆ ಕಛೇರಿ ಕಳೆಗಟ್ಟುವುದುಂಟೆ? ಮೋಟಾರು ಕಾರಿನೊಳಗೆ ಅಂಥ ಮಂದ್ರ ನಾದವನ್ನು ಹೊಮ್ಮಿಸಲೆಂದೇ ಇರುವ ದೊಡ್ಡ ಧ್ವನಿವರ್ಧಕಕ್ಕೆ ಸಬ್‌ವೂಫರ್ ಎಂದು ಹೆಸರು. ಸಾವಿರಾರು ರೂಪಾಯಿ ತೆತ್ತು ಅದನ್ನು ಕೊಂಡವರು, ನಾಲ್ಕು ತಂತಿಗಳನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ಆಂಪ್ಲಿಫೈಯರನ್ನೇ ಸುಟ್ಟುಕೊಳ್ಳುವುದುಂಟು. ಈ ನಷ್ಟವನ್ನು ತಪ್ಪಿಸಲು ಬೇಕಾದುದು ಶಾಲೆಯಲ್ಲಿ ಕಲಿತ ಗಣಿತ, ಅಷ್ಟೇ.

ಸಬ್‌ವೂಫರಿನ ಒಡಲಲ್ಲಿ ಬಲವಾದ ಅಯಸ್ಕಾಂತ, ಅದರ ಸೆಳೆತದಲ್ಲಿ ಆಡುವ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕು ಇರುತ್ತವೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ಲೋಕದ ಮುಂದಿಟ್ಟ ಮಾದರಿಯೇ ಇಂದಿಗೂ ಇದಕ್ಕೆ ಆಧಾರ. ವಿದ್ಯುತ್ ಹರಿದಂತೆ ಸುರುಳಿ ಹಿಂದುಮುಂದಾಗಿ ಆಡುತ್ತದೆ, ಶಂಕು ಗಾಳಿಯನ್ನು ನೂಕುತ್ತದೆ, ನಾದ ಹುಟ್ಟುತ್ತದೆ. ಹರಿಯುವ ವಿದ್ಯುತ್ತಿಗೆ ಸುರುಳಿ ಒಡ್ಡುವ ಅಡ್ಡಿಯೇ ಇಂಪಿಡೆನ್ಸ್. 1886ರಲ್ಲಿ ಈ ಹೆಸರಿಟ್ಟವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಇದರ ಅಳತೆ ಓಮ್.

ಕೆರೆಯ ತೂಬನ್ನು ಎತ್ತಿದಷ್ಟೂ ನೀರಿನ ರಭಸ ಹೆಚ್ಚು. ಓಮ್ ಇಳಿದಷ್ಟೂ ವಿದ್ಯುತ್ತಿನ ರಭಸವೂ ಹಾಗೆಯೇ. ಆಂಪ್ಲಿಫೈಯರು 20 ವೋಲ್ಟು ಕೊಡುತ್ತದೆಯೆಂದು ಇಟ್ಟುಕೊಳ್ಳೋಣ. 4 ಓಮ್ ಭಾರಕ್ಕೆ ಹರಿಯುವುದು 5 ಆಂಪಿಯರ್, ದೊರೆಯುವ ಶಕ್ತಿ 100 ವಾಟ್. 2 ಓಮ್ ಆದರೆ 10 ಆಂಪಿಯರ್, 200 ವಾಟ್. 1 ಓಮ್‌ಗೆ ಇಳಿದರೆ 20 ಆಂಪಿಯರ್, 400 ವಾಟ್. ಲಾಭವೆಂದು ಹಿಗ್ಗುವಂತಿಲ್ಲ! 2 ಓಮ್‌ವರೆಗೆ ಮಾತ್ರ ತಾಳುವಂತೆ ರಚಿಸಿದ ಯಂತ್ರಕ್ಕೆ 1 ಓಮ್ ಭಾರ ಹೊರಿಸಿದರೆ ಅದು ಕಾದು, ರಕ್ಷಣಾ ವ್ಯವಸ್ಥೆಯಿಂದ ತಾನಾಗಿ ನಿಲ್ಲಬಹುದು. ಇಲ್ಲವೇ ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು.

ಅನೇಕ ಸಬ್‌ವೂಫರುಗಳಲ್ಲಿ ಎರಡೆರಡು ಸುರುಳಿಗಳಿರುತ್ತವೆ. 4 ಓಮ್‌ನ ಎರಡು ಸುರುಳಿಗಳನ್ನು ಒಂದರ ಹಿಂದೊಂದಾಗಿ, ಅಂದರೆ ಸರಣಿಯಲ್ಲಿ ಜೋಡಿಸಿದರೆ 8 ಓಮ್. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಸಮಾಂತರವಾಗಿ ಜೋಡಿಸಿದರೆ 2 ಓಮ್. ಅಂಥ ಎರಡು ಸಬ್‌ವೂಫರುಗಳಿದ್ದರೆ ಸುರುಳಿಗಳು ನಾಲ್ಕು. ಎಲ್ಲವೂ ಸಮಾಂತರವಾದರೆ 1 ಓಮ್, ಎಲ್ಲವೂ ಸರಣಿಯಾದರೆ 16. ಒಂದೊಂದರ ಸುರುಳಿಗಳನ್ನು ಸರಣಿಯಲ್ಲಿಟ್ಟು, ಬಳಿಕ ಎರಡನ್ನೂ ಸಮಾಂತರಗೊಳಿಸಿದರೆ 4. ನಾಲ್ಕೂ ಸುರುಳಿಗಳು ಸಮನಾಗಿ ದುಡಿಯುವಂತೆ ಜೋಡಿಸಿ 2 ಓಮ್ ಪಡೆಯಲು ಇಲ್ಲಿ ದಾರಿಯಿಲ್ಲ! ಅದು ಬೇಕಿದ್ದವರು 2 ಓಮ್ ಸುರುಳಿಗಳ ಜೋಡಿಯನ್ನೇ ಕೊಳ್ಳಬೇಕು. ಆದುದರಿಂದ ಲೆಕ್ಕ ಮಾಡಬೇಕಾದುದು ಅಂಗಡಿಗೆ ಹೋಗುವ ಮೊದಲೇ.

ಇನ್ನೊಂದು ಮರ್ಮವಿದೆ. ಆಂಪ್ಲಿಫೈಯರಿನ ಎರಡು ಚಾನೆಲ್‌ಗಳನ್ನು ಒಗ್ಗೂಡಿಸಿ ಒಂದೇ ಸಬ್‌ವೂಫರಿಗೆ ಕೊಡುವ ಕ್ರಮಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಆಗ ಪ್ರತಿಯೊಂದು ಚಾನೆಲ್ಲೂ ಭಾರದ ಅರ್ಧ ಓಮ್ ಅನ್ನೇ ಕಾಣುತ್ತದೆ. 4 ಓಮ್ ಅದಕ್ಕೆ 2 ಓಮ್ ಆಗುತ್ತದೆ. ಬ್ರಿಡ್ಜ್ ಕ್ರಮಕ್ಕೆ ಕನಿಷ್ಠ ಎಷ್ಟು ಓಮ್ ಎಂಬುದನ್ನು ಕೈಪಿಡಿಯಲ್ಲಿ ಬೇರೆಯಾಗಿ ನೋಡುವುದು ಅವಶ್ಯ.

ಕೆಲಸಕ್ಕೆ ತೊಡಗುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಬೇಕು. ಧನ, ಋಣಗಳು ಅದಲುಬದಲಾಗಿ ಒಂದು ಸುರುಳಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಎಳೆದರೆ ನಾದ ಅಡಗಿಹೋಗುತ್ತದೆ. ಜೋಡಣೆ ಮುಗಿದ ಮೇಲೆ, ಆಂಪ್ಲಿಫೈಯರಿಗೆ ಸೇರಿಸುವ ಮುನ್ನ, ಮಲ್ಟಿಮೀಟರಿನಿಂದ ಅಳೆದು ನೋಡುವುದು ಕ್ಷೇಮ. ಮೀಟರು ತೋರಿಸುವ ಅಂಕಿ ಹೆಸರಿನ ಓಮ್‌ಗಿಂತ ತುಸು ಕಡಿಮೆಯಿರುವುದು ಸಹಜ. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಇರಲೇಬೇಕು. ತಂತಿ ಉಜ್ಜಿ ಕಾರಿನ ಮೈಗೆ ತಗುಲಿದರೆ ಬೆಂಕಿ ಹೊತ್ತದಂತೆ ಕಾಯುವುದು ಆ ಚಿಕ್ಕ ಫ್ಯೂಸೇ. ಕಾಗದದ ಮೇಲೆ ಹತ್ತು ನಿಮಿಷ ಲೆಕ್ಕ ಹಾಕಿದವನಿಗೆ ಹಣವೂ ಉಳಿಯುತ್ತದೆ, ನಾದವೂ ಒಲಿಯುತ್ತದೆ.