ಮಹಾನಗರಗಳ ಮತ: ಅಮೆರಿಕದ ‘ನೀಲಿ ಕೋಟೆ’ಗಳ ಒಳಲೆಕ್ಕ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದೊಡನೆ ಪ್ರಕಟವಾಗುವ ಫಲಿತಾಂಶದ ಭೂಪಟ ನೋಡುವವರನ್ನು ಗೊಂದಲಕ್ಕೆ ಕೆಡಹುವುದುಂಟು. ಅದರ ಬಹುಭಾಗ ರಿಪಬ್ಲಿಕನ್ ಪಕ್ಷದ ಕೆಂಪು ಬಣ್ಣದಿಂದ ತುಂಬಿರುತ್ತದೆ. ಡೆಮಾಕ್ರಟಿಕ್ ಪಕ್ಷದ ನೀಲಿ ಬಣ್ಣ ಅಲ್ಲಲ್ಲಿ ಶಾಯಿ ಚೆಲ್ಲಿದಂತೆ ಕಾಣುತ್ತದೆ. ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಸುಮಾರು 3,100 ಕೌಂಟಿಗಳು ಆ ದೇಶದಲ್ಲಿವೆ. 2020ರಲ್ಲಿ ಡೊನಾಲ್ಡ್ ಟ್ರಂಪ್ 2,500ಕ್ಕೂ ಹೆಚ್ಚು ಕೌಂಟಿಗಳಲ್ಲಿ ಮುಂದಿದ್ದರು. ಜೋ ಬೈಡನ್‌ಗೆ ದಕ್ಕಿದ್ದು 500ಕ್ಕಿಂತ ತುಸು ಹೆಚ್ಚು ಮಾತ್ರ. ಆದರೂ ಬೈಡನ್ ಸುಮಾರು 70 ಲಕ್ಷ ಮತಗಳ ಅಂತರದಿಂದ ಮುಂದೆ ನಿಂತರು.

ಈ ಒಗಟಿಗೆ ಉತ್ತರ ಸರಳ. ಮತ ಹಾಕುವುದು ಜನ, ನೆಲವಲ್ಲ. ಭೂಪಟದ ಆ ನೀಲಿ ಚುಕ್ಕೆಗಳೇ ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲಿಸ್, ಫಿಲಡೆಲ್ಫಿಯಾ, ಡೆಟ್ರಾಯಿಟ್. ಲಾಸ್ ಏಂಜಲಿಸ್ ಕೌಂಟಿಯೊಂದರಲ್ಲೇ ಒಂದು ಕೋಟಿಯಷ್ಟು ಜನ ವಾಸವಾಗಿದ್ದಾರೆ.

ಮಹಾನಗರಗಳ ಒಲವು ಎಷ್ಟು ಗಟ್ಟಿಯೆಂಬುದಕ್ಕೆ ಅಂಕಿಅಂಶಗಳೇ ಸಾಕ್ಷಿ. ನ್ಯೂಯಾರ್ಕ್ ನಗರದಲ್ಲಿ ರಿಪಬ್ಲಿಕನ್ ಅಭ್ಯರ್ಥಿಯೊಬ್ಬರು ಕೊನೆಯ ಬಾರಿ ಮುನ್ನಡೆ ಪಡೆದದ್ದು 1924ರಲ್ಲಿ. ಅವರು ಕ್ಯಾಲ್ವಿನ್ ಕೂಲಿಜ್. ರಾಜಧಾನಿ ವಾಷಿಂಗ್ಟನ್‌ನ ನಿವಾಸಿಗಳು 1964ರಲ್ಲಿ ಮೊದಲ ಬಾರಿಗೆ ಅಧ್ಯಕ್ಷರ ಆಯ್ಕೆಗೆ ಮತ ಹಾಕಿದರು. ಅಂದಿನಿಂದ ಒಮ್ಮೆಯೂ ಅವರು ಡೆಮಾಕ್ರಟಿಕ್ ಪಕ್ಷದ ಕೈಬಿಟ್ಟಿಲ್ಲ. 2020ರಲ್ಲಿ ಅಲ್ಲಿ ಶೇ 92ರಷ್ಟು ಮತ ಬೈಡನ್ ಪಾಲಾಯಿತು. ಡೆಟ್ರಾಯಿಟ್‌ನಲ್ಲಿ ಈ ಪ್ರಮಾಣ ಶೇ 94.

ಕೋಟೆ ಕಟ್ಟಿದ ಬಗೆ

ಈ ಕೋಟೆಗಳು ಮೊದಲಿನಿಂದಲೂ ಇದ್ದವಲ್ಲ. ಫಿಲಡೆಲ್ಫಿಯಾ ಒಂದು ಕಾಲಕ್ಕೆ ರಿಪಬ್ಲಿಕನ್ನರ ಭದ್ರ ನೆಲೆಯಾಗಿತ್ತು. ಮಹಾ ಆರ್ಥಿಕ ಕುಸಿತದ ನಡುವೆ ನಡೆದ 1932ರ ಚುನಾವಣೆಯಲ್ಲಿ ದೇಶವೇ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರತ್ತ ವಾಲಿದಾಗಲೂ ಆ ನಗರ ಹರ್ಬರ್ಟ್ ಹೂವರ್ ಪರ ನಿಂತಿತ್ತು. ಅದು ನಿಲುವು ಬದಲಿಸಿದ್ದು 1936ರಲ್ಲಿ. ಆ ಬಳಿಕ ಅಲ್ಲಿ ರಿಪಬ್ಲಿಕನ್ನರು ಮೇಲುಗೈ ಸಾಧಿಸಿಲ್ಲ.

ಬದಲಾವಣೆಗೆ ಹಲವು ಕಾರಣಗಳಿದ್ದವು. ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ವಲಸೆ ಬಂದ ಕ್ಯಾಥೊಲಿಕರು 1928ರಲ್ಲಿ ತಮ್ಮ ಧರ್ಮದವರೇ ಆದ ಆಲ್ ಸ್ಮಿತ್ ಅವರನ್ನು ಬೆಂಬಲಿಸಿ ಡೆಮಾಕ್ರಟಿಕ್ ಪಾಳಯ ಸೇರಿದರು. ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಯೋಜನೆಗಳು ಕಾರ್ಮಿಕರನ್ನೂ ಕಾರ್ಮಿಕ ಸಂಘಗಳನ್ನೂ ಅದೇ ದಿಕ್ಕಿಗೆ ಸೆಳೆದವು. 1910ರ ದಶಕದಿಂದ 1970ರವರೆಗೆ ದಕ್ಷಿಣದ ರಾಜ್ಯಗಳನ್ನು ತೊರೆದು ಸುಮಾರು 60 ಲಕ್ಷ ಆಫ್ರಿಕನ್ ಅಮೆರಿಕನ್ನರು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಬಂದು ನೆಲೆಸಿದರು. ಲಿಂಕನ್ನರ ಪಕ್ಷವೆಂಬ ಕಾರಣಕ್ಕೆ ರಿಪಬ್ಲಿಕನ್ನರಿಗೆ ನಿಷ್ಠರಾಗಿದ್ದ ಈ ಸಮುದಾಯ 1930ರ ದಶಕದಲ್ಲಿ ಮನಸ್ಸು ಬದಲಿಸತೊಡಗಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಆ ಬದಲಾವಣೆ ಸಂಪೂರ್ಣವಾಯಿತು. ಇದೇ ಕಾಲದಲ್ಲಿ ಬಿಳಿಯ ಮಧ್ಯಮ ವರ್ಗ ಹೆದ್ದಾರಿಗಳ ಗುಂಟ ಉಪನಗರಗಳಿಗೆ ಸ್ಥಳಾಂತರಗೊಂಡಿತು. ನಗರ ಡೆಮಾಕ್ರಟಿಕ್, ಉಪನಗರ ರಿಪಬ್ಲಿಕನ್ ಎಂಬ ವಿಭಜನೆ ರೂಪುಗೊಂಡದ್ದು ಹೀಗೆ.

ಎಲ್ಲ ಮತಕ್ಕೂ ಒಂದೇ ಬೆಲೆಯೇ?

ಇಷ್ಟೆಲ್ಲ ಮತಗಳಿದ್ದೂ ಮಹಾನಗರಗಳು ತಮಗೆ ಬೇಕಾದವರನ್ನು ಶ್ವೇತಭವನಕ್ಕೆ ಕಳುಹಿಸಲು ಹಲವು ಬಾರಿ ವಿಫಲವಾಗಿವೆ. ಅಧ್ಯಕ್ಷರನ್ನು ಆರಿಸುವುದು 538 ಸದಸ್ಯರ ‘ಎಲೆಕ್ಟೋರಲ್ ಕಾಲೇಜು’. ಗೆಲುವಿಗೆ 270 ಮತ ಬೇಕು. 48 ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲ್ಲ ಪ್ರತಿನಿಧಿ ಮತಗಳು ಸಲ್ಲುತ್ತವೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಇದಕ್ಕೆ ಹೊರತು. ನಮ್ಮ ಲೋಕಸಭಾ ಕ್ಷೇತ್ರವೊಂದರಲ್ಲಿ ಲಕ್ಷಗಟ್ಟಲೆ ಅಂತರದ ಗೆಲುವು ಪಕ್ಕದ ಕ್ಷೇತ್ರದ ಸೋಲನ್ನು ತಪ್ಪಿಸಲಾರದು. ಅಲ್ಲಿ ರಾಜ್ಯಗಳ ಮಟ್ಟದಲ್ಲಿ ಆಗುವುದೂ ಅದೇ.

2016ರಲ್ಲಿ ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯಾ ಒಂದರಲ್ಲೇ 42 ಲಕ್ಷಕ್ಕೂ ಅಧಿಕ ಮತಗಳ ಮುನ್ನಡೆ ಪಡೆದರು. ಆ ರಾಜ್ಯದ 55 ಪ್ರತಿನಿಧಿ ಮತಗಳಿಗೆ ಅಷ್ಟು ಅಂತರದ ಅಗತ್ಯವೇ ಇರಲಿಲ್ಲ. ಅವರನ್ನು ಸೋಲಿಸಿದ ಅಂತರಗಳಾದರೋ ತೀರಾ ಚಿಕ್ಕವು: ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಮಿಷಿಗನ್‌ನ ಡೆಟ್ರಾಯಿಟ್ ನಗರದಲ್ಲಿ ಕ್ಲಿಂಟನ್ ಅವರಿಗೆ 2012ರಲ್ಲಿ ಬರಾಕ್ ಒಬಾಮ ಗಳಿಸಿದ್ದಕ್ಕಿಂತ 40 ಸಾವಿರಕ್ಕೂ ಹೆಚ್ಚು ಮತ ಕಡಿಮೆ ಬಿದ್ದಿತ್ತು. ಆ ಮತದಾರರು ರಿಪಬ್ಲಿಕನ್ ಪಕ್ಷಕ್ಕೆ ಒಲಿದರೆಂದಲ್ಲ. ನಗರದ ಜನಸಂಖ್ಯೆಯೂ ಮತದಾನದ ಉತ್ಸಾಹವೂ ಕುಗ್ಗಿದ್ದವು. ನಗರ ಯಾರಿಗೆ ಮತ ಹಾಕುತ್ತದೆ ಎನ್ನುವುದಕ್ಕಿಂತ ಎಷ್ಟು ಜನ ಮತಗಟ್ಟೆಗೆ ಬರುತ್ತಾರೆ ಎನ್ನುವುದೇ ಇಂತಹ ರಾಜ್ಯಗಳಲ್ಲಿ ನಿರ್ಣಾಯಕವಾಗುತ್ತದೆ.

ಆರೋಪ ಮತ್ತು ಅಂಕಿಅಂಶ

ದೊಡ್ಡ ನಗರಗಳ ಮತ ಎಣಿಕೆಯ ಮೇಲೆ ಅನುಮಾನದ ನೆರಳೂ ಹಳೆಯದು. 1960ರಲ್ಲಿ ಜಾನ್ ಕೆನಡಿ ಇಲಿನಾಯ್ ರಾಜ್ಯವನ್ನು 9,000ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದಾಗ, ಷಿಕಾಗೊ ಮೇಯರ್ ರಿಚರ್ಡ್ ಡೇಲಿ ಅವರ ಬೆಂಬಲಿಗರು ಅಕ್ರಮ ಎಸಗಿದರೆಂದು ರಿಪಬ್ಲಿಕನ್ನರು ದೂರಿದ್ದರು. ಆದರೆ ಇಲಿನಾಯ್‌ನ 27 ಪ್ರತಿನಿಧಿ ಮತಗಳನ್ನು ಕಳೆದರೂ ಕೆನಡಿ ಅವರ ಬಳಿ 276 ಉಳಿಯುತ್ತಿದ್ದವು. ಅಂದು ಗೆಲುವಿಗೆ ಬೇಕಿದ್ದದ್ದು 269.

2020ರಲ್ಲಿ ಈ ಅನುಮಾನ ಉಗ್ರರೂಪ ತಾಳಿತು. ಪೆನ್ಸಿಲ್ವೇನಿಯಾದ ಕಾನೂನಿನಂತೆ ಅಂಚೆ ಮತಗಳನ್ನು ಚುನಾವಣೆಯ ದಿನಕ್ಕೆ ಮುನ್ನ ತೆರೆಯುವಂತಿಲ್ಲ. ಕೋವಿಡ್ ಕಾರಣದಿಂದ ಆ ವರ್ಷ ಅಂಚೆ ಮತಗಳ ರಾಶಿಯೇ ಬಂದಿತ್ತು. ಅವುಗಳಲ್ಲಿ ಹೆಚ್ಚಿನವು ಡೆಮಾಕ್ರಟಿಕ್ ಮತದಾರರವು. ಹೀಗಾಗಿ ಮೊದಲ ರಾತ್ರಿ ಮುಂದಿದ್ದ ಟ್ರಂಪ್, ಫಿಲಡೆಲ್ಫಿಯಾದ ಎಣಿಕೆ ಸಾಗಿದಂತೆ ಹಿಂದೆ ಬಿದ್ದರು. ನವೆಂಬರ್ 7ರಂದು ಮಾಧ್ಯಮಗಳು ಬೈಡನ್ ಗೆಲುವನ್ನು ಘೋಷಿಸಿದವು. ನಗರದಲ್ಲಿ ಮತ ಕದಿಯಲಾಗಿದೆ ಎಂಬ ಆರೋಪ ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ.

ಅಂಕಿಅಂಶಗಳೂ ಆ ಆರೋಪವನ್ನು ಸಮರ್ಥಿಸುವುದಿಲ್ಲ. ಫಿಲಡೆಲ್ಫಿಯಾದಲ್ಲಿ ಟ್ರಂಪ್ ಗಳಿಸಿದ ಮತ 2016ರ ಸುಮಾರು 1.09 ಲಕ್ಷದಿಂದ 2020ರಲ್ಲಿ 1.32 ಲಕ್ಷಕ್ಕೆ ಏರಿತ್ತು. ಅಲ್ಲಿ ಡೆಮಾಕ್ರಟಿಕ್ ಮುನ್ನಡೆ 4.75 ಲಕ್ಷದಿಂದ 4.71 ಲಕ್ಷಕ್ಕೆ ಇಳಿದಿತ್ತು. ರಾಜ್ಯವನ್ನು ಬೈಡನ್ 80,555 ಮತಗಳಿಂದ ಗೆದ್ದದ್ದರಲ್ಲಿ ದೊಡ್ಡ ಪಾತ್ರ ನಗರದ ಸುತ್ತಲಿನ ಮಾಂಟ್ಗೊಮರಿ, ಡೆಲವೇರ್, ಚೆಸ್ಟರ್, ಬಕ್ಸ್ ಕೌಂಟಿಗಳದು. ಈ ನಾಲ್ಕರಲ್ಲಿ ಪಕ್ಷದ ಒಟ್ಟು ಮುನ್ನಡೆ ನಾಲ್ಕು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬೆಳೆದಿತ್ತು. ದೂಷಣೆಗೆ ಗುರಿಯಾದದ್ದು ನಗರ. ಫಲಿತಾಂಶ ಬದಲಿಸಿದ್ದು ಉಪನಗರ.

ಆ ದೂಷಣೆಯ ಬೆಲೆ ತೆತ್ತವರು ಸಾಮಾನ್ಯ ಚುನಾವಣಾ ಸಿಬ್ಬಂದಿ. ಅಟ್ಲಾಂಟ ನಗರವಿರುವ ಫುಲ್ಟನ್ ಕೌಂಟಿಯ ಇಬ್ಬರು ಮಹಿಳಾ ಸಿಬ್ಬಂದಿಯ ಮೇಲೆ ಸುಳ್ಳು ಆರೋಪ ಹೊರಿಸಿದ್ದಕ್ಕಾಗಿ, ನ್ಯೂಯಾರ್ಕ್‌ನ ಮಾಜಿ ಮೇಯರ್ ರೂಡಿ ಜಿಯುಲಿಯಾನಿ ಅವರು 14.8 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು 2023ರ ಡಿಸೆಂಬರ್‌ನಲ್ಲಿ ನ್ಯಾಯದರ್ಶಿ ಮಂಡಳಿ ತೀರ್ಪಿತ್ತಿತು.

2024ರ ಬಿರುಕು

ನೀಲಿ ಕೋಟೆಗಳಲ್ಲಿ ಬಿರುಕು ಕಂಡದ್ದು 2024ರಲ್ಲಿ. ನ್ಯೂಯಾರ್ಕ್ ನಗರದಲ್ಲಿ ಟ್ರಂಪ್ ಪಾಲು ಶೇ 23ರಿಂದ ಶೇ 30ರ ಆಸುಪಾಸಿಗೇರಿತು. ಹಿಸ್ಪಾನಿಕ್ ಸಮುದಾಯ ಬಹುಸಂಖ್ಯೆಯಲ್ಲಿರುವ ಬ್ರಾಂಕ್ಸ್‌ನಲ್ಲಿ ಅದು ಶೇ 16ರಿಂದ ಶೇ 27ಕ್ಕೆ ಮುಟ್ಟಿತು. 2016ರಲ್ಲಿ ಕ್ಲಿಂಟನ್ ಶೇ 30ರಷ್ಟು ಅಂತರದಲ್ಲಿ ಗೆದ್ದಿದ್ದ ಮಯಾಮಿ-ಡೇಡ್ ಕೌಂಟಿ 1988ರ ನಂತರ ಮೊದಲ ಬಾರಿಗೆ ರಿಪಬ್ಲಿಕನ್ ಪಾಲಾಯಿತು. ಫೀನಿಕ್ಸ್ ನಗರವಿರುವ ಮರಿಕೋಪ ಕೌಂಟಿ, ಫಿಲಡೆಲ್ಫಿಯಾದ ನೆರೆಯ ಬಕ್ಸ್ ಕೌಂಟಿ ಎರಡೂ ಬೈಡನ್ ಅವರನ್ನು ಬೆಂಬಲಿಸಿದ ನಾಲ್ಕೇ ವರ್ಷಗಳಲ್ಲಿ ಟ್ರಂಪ್ ಕಡೆಗೆ ಹೊರಳಿದವು. ಬಕ್ಸ್‌ನಲ್ಲಂತೂ ಕೂದಲೆಳೆಯ ಅಂತರ. ಪೆನ್ಸಿಲ್ವೇನಿಯಾವನ್ನು ಟ್ರಂಪ್ ಸುಮಾರು 1.2 ಲಕ್ಷ ಮತಗಳಿಂದ ಗೆದ್ದರು.

ಹೆಚ್ಚು ಮತ ಪಡೆದವರೇ ಅಧ್ಯಕ್ಷರಾಗಬೇಕೆಂಬ ಒಪ್ಪಂದಕ್ಕೆ 2024ರ ಅಂತ್ಯದ ವೇಳೆಗೆ 17 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಸಹಿ ಹಾಕಿದ್ದವು. ಅವುಗಳ ಒಟ್ಟು ಬಲ 209 ಪ್ರತಿನಿಧಿ ಮತ. ಅದು 270 ಮುಟ್ಟಿದರಷ್ಟೇ ಒಪ್ಪಂದ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ನ್ಯೂಯಾರ್ಕ್‌ನ ಲಕ್ಷಾಂತರ ಮತಗಳು ಮುನ್ನಡೆಯನ್ನು ಹಿಗ್ಗಿಸಬಲ್ಲವೇ ಹೊರತು ಫಲಿತಾಂಶವನ್ನು ತಿರುಗಿಸಲಾರವು. ಆ ಶಕ್ತಿ ಇರುವುದು ಫಿಲಡೆಲ್ಫಿಯಾ, ಡೆಟ್ರಾಯಿಟ್, ಮಿಲ್ವಾಕಿ, ಅಟ್ಲಾಂಟಗಳ ಮತದಾರರಿಗೆ. ಅದೂ ಅವರು ಮತಗಟ್ಟೆಗೆ ಬಂದಾಗ ಮಾತ್ರ.